ಕಿರುಚುವ ಯಂತ್ರಕ್ಕೊಂದು ಆಪರೇಷನ್

ದಿನವಿಡೀ ಬೇರೆಯವರ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವ ಮನುಷ್ಯನಿಗೆ, ಮನೆಯಲ್ಲಿ ತನ್ನ ತಪ್ಪು ಹುಡುಕುವವರು ಇಬ್ಬಿಬ್ಬರಿದ್ದರೆ ಬದುಕು ಹೇಗಿರುತ್ತದೆ ಎಂಬುದನ್ನು ಕರಡುರಾಯನನ್ನೇ ಕೇಳಬೇಕು. ಮುದ್ರಣಾಲಯದಲ್ಲಿ ಕರಡು ತಿದ್ದುವುದು ಅವನ ಕೆಲಸ; ಹೆಸರು ಗೆಳೆಯರು ಇಟ್ಟದ್ದು. ಹೆಂಡತಿ ಮಾತ್ರ ಸಿಟ್ಟು ಬಂದಾಗ ರಾಯನನ್ನು ಕೈಬಿಟ್ಟು, ಕರಡುವಿನ ಕೊಂಬು ಕಿತ್ತು, ಅಲ್ಲೊಂದು ಗುಡಿಸು ಹಾಕಿ ಕರೆಯುತ್ತಾಳೆ. (ಮೈಮೇಲೆ ಕೂದಲೂ ಸ್ವಲ್ಪ ಜಾಸ್ತಿಯೇ, ಪಾಪ.)

ಈ ಸಲದ ಜಗಳಕ್ಕೆ ಕಾರಣ ಊಟದ ಕೋಣೆಯ ಮೂಲೆಯಲ್ಲಿ ಕೂತಿದ್ದ ಮಾಡ್ಯುಲರ್ ಸಿಂಥಸೈಜರ್. ಸಂಗೀತದ ಯಂತ್ರವೇ, ಆದರೆ ಒತ್ತಲು ಮನೆಗಳಿಲ್ಲ, ಮೀಟಲು ತಂತಿಯಿಲ್ಲ. ಒಂದು ಮರದ ಪೆಟ್ಟಿಗೆ, ಅದರ ಮುಖದ ತುಂಬ ತಗಡಿನ ಫಲಕಗಳು, ಫಲಕಗಳ ತುಂಬ ತಿರುಪುಗಳು, ತೂತುಗಳು, ಈ ತೂತಿನಿಂದ ಆ ತೂತಿಗೆ ಬಣ್ಣಬಣ್ಣದ ವೈರುಗಳು. ಒಂದು ಫಲಕ ಸದ್ದು ಹುಟ್ಟಿಸುತ್ತದೆ, ಇನ್ನೊಂದು ಅದನ್ನು ಏರಿಸಿ ಇಳಿಸುತ್ತದೆ, ಮತ್ತೊಂದು ಸೋಸುತ್ತದೆ. ಕರಡುರಾಯನ ಸೋಸುವ ಫಲಕಕ್ಕೆ ಮಾತ್ರ ಸೋಸುವುದರಲ್ಲಿ ಆಸಕ್ತಿಯೇ ಇರಲಿಲ್ಲ. ತಿರುಪು ಮುಟ್ಟಿದರೆ ಸಾಕು, ಕೀಽಽ ಎಂದು ಕಿರುಚುತ್ತಿತ್ತು. ಅವನು ಅದನ್ನು 'ನಾದದ ಉತ್ತುಂಗ ಶಿಖರ' ಎಂದು ಬಣ್ಣಿಸುತ್ತಿದ್ದ. ಅವನ ಪುಟ್ಟ ಮಗಳು, ಇನ್ನೂ ಕತ್ತು ನಿಲ್ಲದ ಕೂಸು, ಅದಕ್ಕಿಂತ ಎತ್ತರದ ಶಿಖರ ಹತ್ತಿ ಉತ್ತರ ಕೊಡುತ್ತಿದ್ದಳು.

"ಹೇಳಿಬಿಡ್ತೀನಿ ನೋಡ್ರೀ," ಎಂದು ಹೆಂಡತಿ ಒಂದು ಬೆಳಿಗ್ಗೆ ಕೂಸನ್ನು ಹೆಗಲಿಗೆ ಹಾಕಿಕೊಂಡೇ ಶುರುಮಾಡಿದಳು. "ಇವಳು ಮಲಗಿದ್ರೆ ತಾನೇ ನಾನು ಮಲಗೋದು? ನಿನ್ನೆ ಪೌಡರ್ ಡಬ್ಬಿ ಫ್ರಿಜ್ಜಲ್ಲಿಟ್ಟು, ಮೊಸರಿನ ಪಾತ್ರೆ ತೊಟ್ಟಿಲ ಪಕ್ಕ ಇಟ್ಟಿದ್ದೆ. ಇವಳ ಬೆನ್ನಿಗೆ ಮೊಸರು ಹಚ್ಚೋದೊಂದು ಬಾಕಿ."

"ಅದಕ್ಕೆ ನನ್ನ ಯಂತ್ರ ಏನು ಮಾಡತ್ತೆ?"

"ಕಿರುಚತ್ತೆ! ಭಾನುವಾರ ಸಾಯಂಕಾಲ ವ್ಯಾನ್ ತಗೊಂಡು ಬನ್ನಿ ಅಂತ ಫೋಟೋ ಸ್ಟುಡಿಯೋ ಅಣ್ಣಂಗೆ ಹೇಳಿದೀನಿ. ಅಷ್ಟರೊಳಗೆ ಅದರ ಬಾಯಿ ಮುಚ್ಚಿಸಿ. ಇಲ್ಲಾಂದ್ರೆ ಅದು ಅವರ ಮನೆಗೆ."

ಸ್ಟುಡಿಯೋದವನು ಕರಡುರಾಯನ ಗೆಳೆಯ. ಯಂತ್ರದ ಮೇಲೆ ಮೊದಲ ದಿನದಿಂದಲೂ ಕಣ್ಣಿಟ್ಟವನು. ಕರಡುರಾಯನ ಎದೆ ಧಸಕ್ಕೆಂದಿತು. ಜೀವಮಾನವೆಲ್ಲ ಇನ್ನೊಬ್ಬರು ಬರೆದದ್ದನ್ನೇ ಓದಿಕೊಂಡು ಬಂದವನಿಗೆ, ತನ್ನದು ಅಂತ ಹೇಳಿಕೊಳ್ಳಲು ಒಂದು ಸದ್ದಾದರೂ ಬೇಡವೇ? ಅದು ಹೋದರೆ ತನ್ನಲ್ಲಿ ಉಳಿಯುವುದು ಕೆಂಪು ಪೆನ್ನು ಮಾತ್ರ ಎನಿಸಿ ಅವನಿಗೆ ನಿಜಕ್ಕೂ ಅಳು ಬಂತು. ಅಳು ನಿಂತ ಮೇಲೆ ಒಂದು ಉಪಾಯ ಹೊಳೆಯಿತು. ಸೋಸುವ ಫಲಕದಲ್ಲಿ ಕರೆಂಟ್ ಕೂಡಿಡುವ ಎರಡು ಪುಟ್ಟ ಕೆಪಾಸಿಟರ್‌ಗಳಿವೆ. ಅವನ್ನು ತೆಗೆದು ಒಂದು ಚೂರು ದೊಡ್ಡವನ್ನು ಬೆಸೆದರೆ ಕಿರುಚಾಟ ಇಳಿಯುತ್ತದೆ, ಸಂಗೀತ ಉಳಿಯುತ್ತದೆ.

ಆಗ ನಡುವೆ ಪ್ರವೇಶಿಸಿದವರು ಅತ್ತೆ. ಮಗಳಿಗೆ ನೆರವಾಗಲೆಂದು ಬಂದಿದ್ದ ಅವರು ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ನಿವೃತ್ತಿಯ ಸುದ್ದಿ ಅವರ ದನಿಗೆ ಇನ್ನೂ ತಲುಪಿರಲಿಲ್ಲ.

"ಕೂಸಿರೋ ಮನೇಲಿ ಕರೆಂಟಿನ ಜೊತೆ ಆಟ ಆಡೋಕೆ ಬಿಡಲ್ಲ ನಾನು. ಮಾಡೋದಿದ್ರೆ ನನ್ನ ಕಣ್ಣೆದುರು ಮಾಡಿ, ಅಳಿಯಂದಿರೇ. ಕ್ರಮವಾಗಿ."

ಭಾನುವಾರ ಮಧ್ಯಾಹ್ನ ಊಟದ ಮೇಜು ಥಿಯೇಟರಾಯಿತು. ಮೇಜಿಗೆ ಬಿಳಿ ಬಟ್ಟೆ ಹಾಸಿದರು. ಅಳಿಯನ ವಾಚು, ಉಂಗುರ ಬಿಚ್ಚಿಸಿದರು. ಬೆಸುಗೆಯ ಹೊಗೆ ಹೊರಗೆ ಹೋಗಲೆಂದು ಕಿಟಕಿ ತೆರೆದು ಫ್ಯಾನ್ ತಿರುಗಿಸಿದರು. ಯಂತ್ರದ ಪ್ಲಗ್ಗನ್ನು ಗೋಡೆಯಿಂದ ಕಿತ್ತು ಮಡಿಲಲ್ಲಿಟ್ಟುಕೊಂಡು, "ರೋಗಿಯ ಪ್ರಾಣ ನನ್ನ ಹತ್ರ ಇರಲಿ. ಶುರುಮಾಡಿ," ಎಂದರು.

"ಈಗಲೇ ಬೇಡ ಅತ್ತೆ. ಪ್ಲಗ್ ಕಿತ್ತ ಮೇಲೂ ಒಳಗೆ ಸ್ವಲ್ಪ ಹೊತ್ತು ಕರೆಂಟ್ ಉಳಿದಿರತ್ತೆ."

"ಓಹೋ, ಮಂಪರು ಹತ್ತಬೇಕು. ಕಾಯೋಣ."

ಕಾದರು. ಕಿತ್ತ ಸ್ಕ್ರೂಗಳನ್ನೆಲ್ಲ ಅತ್ತೆ ತಟ್ಟೆಯಲ್ಲಿ ಎಣಿಸಿಟ್ಟರು. ("ಒಂದು ಕಮ್ಮಿಯಾದ್ರೂ ಹೊಟ್ಟೆ ಮುಚ್ಚೋಕೆ ಬಿಡಲ್ಲ.") ಫಲಕದ ಬೆನ್ನಿಗೆ ಕರೆಂಟ್ ತರುವ ಪಟ್ಟಿ ವೈರಿನ ಅಂಚಿಗೊಂದು ಕೆಂಪು ಗೆರೆ ಇರುತ್ತದೆ, ಮತ್ತೆ ಸಿಕ್ಕಿಸುವಾಗ ಅದು ತಿರುಗುಮುರುಗಾದರೆ ಫಲಕ ಸುಟ್ಟು ಕರಕಲು. ಅದಕ್ಕೂ ಅತ್ತೆ ಗುರುತು ಹಾಕಿಸಿದರು.

ಕೆಟ್ಟದ್ದು ಅಲ್ಲಿಂದ ಮುಂದೆ. ಇಷ್ಟೆಲ್ಲ ಮರ್ಯಾದೆ ಸಿಕ್ಕಮೇಲೆ ಕರಡುರಾಯನ ತಲೆ ನಿಲ್ಲಲಿಲ್ಲ. ಶಸ್ತ್ರವೈದ್ಯಶಿರೋಮಣಿಯ ಗತ್ತಿನಲ್ಲಿ, ಕಣ್ಣು ಫಲಕದ ಮೇಲೇ ನೆಟ್ಟು, ಪಕ್ಕಕ್ಕೆ ಕೈ ಮಾತ್ರ ಚಾಚತೊಡಗಿದ.

"ಇಕ್ಕಳ."

ಇಕ್ಕಳ ಬಂತು.

"ಕೆಪಾಸಿಟರ್."

ಕೆಪಾಸಿಟರ್ ಬಂತು, ಹಿಂದೆಯೇ ಇನ್ನೊಂದೂ ಬಂತು. ಬಟ್ಟಲಲ್ಲಿ ಎರಡು ಬಗೆಯವು ಬೆರೆತಿದ್ದವು. ಎರಡೂ ಪೊಟ್ಟಣ ಒಡೆದು ಒಂದೇ ಬಟ್ಟಲಿಗೆ ಸುರಿದವನು ಅವನೇ. ನೋಡಲು ಅವಳಿಜವಳಿ, ವ್ಯತ್ಯಾಸವೇನಿದ್ದರೂ ಹೊಟ್ಟೆಯ ಮೇಲಿನ ಸಾಸಿವೆಯಷ್ಟು ಸಣ್ಣ ಅಂಕಿಯಲ್ಲಿ. ಸಾವಿರ ಪುಟದ ನಿಘಂಟಿನಲ್ಲಿ ಬಿಟ್ಟುಹೋದ ಚುಕ್ಕಿ ಹಿಡಿಯುವ ಕಣ್ಣು ಅವನದು. ಆದರೆ ಕೈ ಚಾಚಿದ ವೈದ್ಯರು ಎಲ್ಲಾದರೂ ಬಗ್ಗಿ ನೋಡುತ್ತಾರೆಯೇ? ನೋಡಲಿಲ್ಲ. ಬೆಸೆದ. ಅತ್ತೆ ಸ್ಕ್ರೂ ಎಣಿಸಿದರು, ಸರಿಯಿತ್ತು. ಕೆಂಪು ಗೆರೆ ನೋಡಿದರು, ಸರಿಯಿತ್ತು. ಪ್ಲಗ್ ಕೊಟ್ಟರು.

ಅಷ್ಟು ಹೊತ್ತಿಗೆ ಕೋಣೆಯಲ್ಲಿ ಕೂಸು ಆಕಾಶ ಭೂಮಿ ಒಂದು ಮಾಡುತ್ತಿತ್ತು. ಹೆಂಡತಿ ಕೆದರಿದ ಕೂದಲಲ್ಲಿ ಅದನ್ನು ಎತ್ತಿಕೊಂಡು ಬಂದು ನಿಂತಳು. "ಹಾಕಿ ನೋಡೋಣ. ಇದೇ ಕೊನೆ."

ಕರಡುರಾಯ ಉಸಿರು ಬಿಗಿಹಿಡಿದು ಸ್ವಿಚ್ ಹಾಕಿದ. ಹೊಗೆ ಬರಲಿಲ್ಲ. ಕಿರುಚಾಟವೂ ಬರಲಿಲ್ಲ. ಬಂದದ್ದು "ಹೂಂಽಽಽ... ಶ್ಶ್ಽಽ... ಹೂಂಽಽಽ" ಎಂಬ ಮಂದವಾದ, ಉದ್ದವಾದ, ತಲೆಬುಡವಿಲ್ಲದ ಗೊರಕೆ. ಅವನ ಮುಖ ಸಪ್ಪಗಾಯಿತು. ಒಂದು ಚೂರು ದೊಡ್ಡದು ಬೇಕಿತ್ತು, ಹತ್ತು ಪಟ್ಟು ದೊಡ್ಡದು ಕೂತಿದೆ. ಶಿಖರ ಹೋಗಲಿ, ದಿಬ್ಬವೂ ಉಳಿದಿಲ್ಲ.

"ತಪ್ಪಾಗಿದೆ, ಅತ್ತೆ! ನೀವು ಬೇರೆ ಕೆಪಾಸಿಟರ್ ಕೊಟ್ಟಿದೀರಿ!"

"ಡಾಕ್ಟರು ಕೈಚಾಚಿದ್ರೆ ಬಟ್ಟಲಲ್ಲಿರೋದನ್ನ ಕೊಡೋದು ನನ್ನ ಕೆಲಸ. ಏನು ಬಂತು ಅಂತ ನೋಡೋದು ಡಾಕ್ಟರ ಕೆಲಸ."

"ಒಂದು ನಿಮಿಷ, ಬಿಚ್ಚಿ ಸರಿ—"

ಅತ್ತೆ ಅವನ ಮಣಿಕಟ್ಟು ಹಿಡಿದರು. ಹಿಡಿತ ಹೇಗಿತ್ತೆಂದರೆ ಬೆರಳುಗಳಿಗೆ ರಕ್ತ ಹೋಗುವುದು ನಿಂತಿತು. ಆಗಲೇ ಅವನಿಗೂ ಕೇಳಿಸಿದ್ದು: ಅಳು ನಿಂತಿತ್ತು. ಕೂಸು ಬಾಯಿ ಅರೆತೆರೆದು, ಯಂತ್ರದತ್ತ ಒಮ್ಮೆ ನೋಡಿ, ಅಮ್ಮನ ಹೆಗಲಿಗೆ ಕೆನ್ನೆ ಒತ್ತಿ ಕಣ್ಣು ಮುಚ್ಚಿತು. ಹೆಂಡತಿ ಮೆತ್ತಗೆ ಅದನ್ನು ತೊಟ್ಟಿಲಿಗೆ ದಾಟಿಸಿ, ಪಕ್ಕದ ಕುರ್ಚಿಯಲ್ಲಿ ಒಂದು ಗಳಿಗೆ ಕೂರೋಣ ಅಂತ ಕೂತವಳು, ಕೂತಲ್ಲೇ ನಿದ್ದೆಹೋದಳು.

ಕರಡುರಾಯ ನೋಡುತ್ತಾ ನಿಂತ. ಅವಳ ಹುಬ್ಬುಗಳ ನಡುವಿನ ಗಂಟು ಬಿಚ್ಚಿಕೊಂಡಿತ್ತು. ಹೆರಿಗೆಯಾದಂದಿನಿಂದ ಆ ಗಂಟು ಬಿಚ್ಚಿದ್ದನ್ನು ಅವನು ನೋಡಿರಲಿಲ್ಲ. ಎಷ್ಟು ದಣಿದಿದ್ದಾಳೆ ಇವಳು, ನಾನು ಶಿಖರ ಅಂತ ಕೂತಿದ್ದೆನಲ್ಲ ಎನಿಸಿತು. ಎದೆಯ ಮೇಲಿನ ಕಲ್ಲು ಸರಿದ ಹಾಗೆ ಮೈಯೆಲ್ಲ ಹಗುರಾಯಿತು.

ಸಾಯಂಕಾಲ ಬಾಗಿಲು ತಟ್ಟಿದ ಸದ್ದಾಯಿತು. ಹೊರಗೆ ಸ್ಟುಡಿಯೋದವನು, ಹೆಗಲ ಮೇಲೆ ಹಗ್ಗ, ಬೀದಿಯಲ್ಲಿ ವ್ಯಾನು.

"ಎಲ್ಲಪ್ಪಾ ನನ್ನ ಯಂತ್ರ?"

ಹೆಂಡತಿ ಎದ್ದು ತುಟಿಯ ಮೇಲೆ ಬೆರಳಿಟ್ಟುಕೊಂಡು ಬಂದಳು. ಮುಖದಲ್ಲಿ ಹೊಸ ಕಳೆ. "ಮೆಲ್ಲಗೆ ಅಣ್ಣಾ! ಯಂತ್ರ ಎಲ್ಲಿಗೂ ಬರಲ್ಲ. ನಮ್ಮನೇಲೇ ಇರತ್ತೆ."

ಕರಡುರಾಯನಿಗೆ ಕುಣಿಯುವಷ್ಟು ಸಂತೋಷವಾಯಿತು. ಆ ಸಂತೋಷದಲ್ಲಿ ಹುಟ್ಟುಗುಣ ಹೊರಗೆ ಬಂತು. "ಹಾಗಾದ್ರೆ ಎರಡೇ ಎರಡು ಕೆಪಾಸಿಟರ್ ಬದಲಾಯಿಸಿಬಿಡ್ತೀನಿ ಕಣೇ! ಒಂದು ಸಣ್ಣ ತಪ್ಪು ಉಳಿದುಹೋಗಿದೆ!"

ದನಿ ಸ್ವಲ್ಪ ಏರಿತ್ತು. ಒಳಗೆ ತೊಟ್ಟಿಲು ಕುಂಯ್ ಎಂದಿತು. ಅತ್ತೆಯೂ ಹೆಂಡತಿಯೂ ಮೊದಲು ಅವನನ್ನು ನೋಡಿದರು, ಆಮೇಲೆ ಒಬ್ಬರನ್ನೊಬ್ಬರು ನೋಡಿದರು.

"ಅಣ್ಣಾ," ಎಂದು ಹೆಂಡತಿ ಪಿಸುಗುಟ್ಟಿದಳು, "ವ್ಯಾನ್ ಯಾಕೆ ಖಾಲಿ ಹೋಗಬೇಕು? ಇವರನ್ನ ಹಾಕ್ಕೊಂಡು ಹೋಗಿ. ಕತ್ತಲಾದ ಮೇಲೆ ವಾಪಸ್ ತಂದುಬಿಟ್ರೆ ಸಾಕು."

"ಹುಷಾರಾಗಿ ಇಳಿಸ್ಕೊಂಡು ಹೋಗಪ್ಪಾ," ಎಂದು ಅತ್ತೆ ಚಪ್ಪಲಿಯನ್ನು ಅಳಿಯನ ಕೈಗೇ ಕೊಟ್ಟರು. "ಇವರ ಕಿರುಚಾಟ ಇನ್ನೂ ವಾಸಿಯಾಗಿಲ್ಲ."

ಯಂತ್ರಕ್ಕೆಂದು ವ್ಯಾನಿನಲ್ಲಿ ಹಾಸಿದ್ದ ದಪ್ಪ ಕಂಬಳಿಯ ಮೇಲೆ ಕರಡುರಾಯ ಕೂತ. ಹಗ್ಗ ಬಿಗಿಯಲೇನೋ ಎಂದು ಗೆಳೆಯ ಕೇಳಿದ. ಬೀದಿಯ ತಿರುವು ಬರುವ ಮೊದಲೇ ಕರಡುರಾಯ ಬಾಯಿ ತೆರೆದು, ಹೂಂ, ಶ್ಶ್ ಎಂದು ಗೊರಕೆ ಹೊಡೆಯುತ್ತಿದ್ದ.