ಕೈಗಾಡಿಗೊಂದು ವಾಕ್ಯ

ನನ್ನ ನೆನಪನ್ನು ನಾನು ನಂಬುವುದಿಲ್ಲ. ವಿಶ್ವವಿದ್ಯಾನಿಲಯದಲ್ಲಿ ಎಲ್ಲವನ್ನೂ ಸಂಶಯಿಸಲು ಕಲಿತೆ. ಊರಿಗೆ ಬಂದ ಮೇಲೆ ಸಂಶಯಿಸಲು ಬೇರೇನೂ ಉಳಿಯದೆ ನನ್ನ ತಲೆಯನ್ನೇ ಸಂಶಯಿಸತೊಡಗಿದೆ. ಚಿಕ್ಕಂದಿನಲ್ಲಿ ಅರಂತೋಡಿನಲ್ಲಿ ನಾಯಿ ಕಚ್ಚಿದ ಕತೆಯನ್ನು ಒಮ್ಮೆ ಹೆಂಡತಿಗೆ ಅಭಿನಯಸಹಿತ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಕಚ್ಚಿದ್ದು ನನಗೆ ಮಾರಾಯ್ರೆ. ನೀವು ಅರಂತೋಡು ನೋಡಿದ್ದೇ ಮದುವೆ ಆದ ಮೇಲೆ" ಎಂದು ಕಾಲಿನ ಗುರುತು ತೋರಿಸಿದಳು.

ಇಂಥ ನಾನು ಕೃಷಿ ಯಂತ್ರ ಮಾರುವ ಅಂಗಡಿಯೊಂದರ ಪ್ರಚಾರ ವಿಭಾಗದ ಮುಖ್ಯಸ್ಥ. ವಿಭಾಗವೆಂದರೆ ಮೂರೇ ಜನ: ಪುತ್ತೂರಿನಲ್ಲಿ ನಾನು, ಸುಳ್ಯ ಶಾಖೆಯಲ್ಲಿ ಯಶೋದಾ, ಕಡಬದಲ್ಲಿ ಬಿಜು. ಗೊಬ್ಬರ, ತೆಂಗಿನಕಾಯಿಯ ಹೊರೆಯನ್ನು ಗುಡ್ಡ ಹತ್ತಿಸುವ ಮೋಟಾರು ಕೈಗಾಡಿ ಹೊಸತಾಗಿ ಬಂದಿತ್ತು. ಅದಕ್ಕೊಂದು ಜಾಹೀರಾತು ವಾಕ್ಯ ಬೇಕು. "ಶನಿವಾರದ ಒಳಗೆ ಆಗದಿದ್ರೆ ಮಂಗಳೂರಿನ ಏಜೆನ್ಸಿಗೆ ಕೊಡುದು. ನೀವು ಸ್ಪೇರ್ ಪಾರ್ಟ್ಸ್ ಕೌಂಟರಿನಲ್ಲಿ ಕೂತ್ಕೊಳ್ಳಿ" ಎಂದರು ಅಂಗಡಿಯ ಧನಿಗಳು. ಸಾವಿರ ಬೋಲ್ಟುಗಳ ಅಳತೆ ಬಾಯಿಪಾಠ ಬರಬೇಕಾದ ಕೌಂಟರು ಅದು! ನಾನು ಟೊಂಕ ಕಟ್ಟಿ ನಿಂತೆ.

ಮೂವರೂ ತಂತಮ್ಮ ಊರಿನಲ್ಲೇ ಕುಳಿತು ಒಟ್ಟಿಗೆ ಬರೆಯುವಂಥ ಆನ್‌ಲೈನ್ ಕಡತವೊಂದನ್ನು ಧನಿಗಳು ಉತ್ಸಾಹದಿಂದ ಮಾಡಿಸಿಕೊಟ್ಟಿದ್ದರು. ಒಬ್ಬ ಬರೆಯುತ್ತಿರುವಾಗಲೇ ಉಳಿದವರಿಗೆ ಅಕ್ಷರಗಳು ಮೂಡುವುದು ಕಾಣುತ್ತದೆ; ನಾವು ಹಲ್ಲುಜ್ಜುವುದನ್ನು ಇಬ್ಬರು ನಿಂತು ನೋಡಿದ ಹಾಗೆ. ನಾನು 'ಬೆಟ್ಟ' ಎಂದು ಬರೆದು ಮುಂದಿನ ಪದ ಹುಡುಕುವಷ್ಟರಲ್ಲಿ ಬಿಜು ಅದನ್ನು 'ಗುಡ್ಡ' ಮಾಡಿದ, ಯಶೋದಾ 'ಏರು' ಮಾಡಿದರು. ಅವರು ಹೊಸತೇನಾದರೂ ಬರೆದರೆ ನಾನು ಕೂಡಲೇ ಒಂದು ಆಕ್ಷೇಪ ಅಂಟಿಸುತ್ತಿದ್ದೆ. ಮುಖ್ಯಸ್ಥನಾದವನು ಸುಮ್ಮನೆ ಇರಲಾಗುತ್ತದೆಯೇ? ಗುರುವಾರ ಸಂಜೆಗೆ ಉಳಿದದ್ದು 'ಉತ್ತಮ ಗುಣಮಟ್ಟದ ಕೈಗಾಡಿ' ಎಂಬ ಸಾಲು. ಮೂವರಿಗೂ ತಕರಾರಿಲ್ಲದ ಸಾಲು. ಅದನ್ನು ಓದಿ ಗಾಡಿ ಕೊಳ್ಳುವ ಮನುಷ್ಯ ಮಾತ್ರ ಇನ್ನೂ ಹುಟ್ಟಿರಲಿಲ್ಲ.

"ಈ ಕಡತ ಪ್ರತಿಭೆಯನ್ನು ಕೊಲ್ಲುತ್ತದೆ" ಎಂದು ಘೋಷಿಸಿ, ಶುಕ್ರವಾರ ಇಬ್ಬರನ್ನೂ ಪುತ್ತೂರಿನ ಹತ್ತಿರದ ಸವಣೂರಿನ ಹೋಟೆಲಿಗೆ ಕರೆಸಿದೆ. ವಾಕ್ಯ ಹುಟ್ಟುವ ತನಕ ಯಾರೂ ಏಳಬಾರದು, ಫೋನ್ ಮುಟ್ಟಬಾರದು.

"ಗೋಳಿಬಜೆಯ ಫೋಟೋ ಆದ್ರೂ ತೆಗಿಬಹುದಾ ಸರ್?" ಎಂದ ಬಿಜು.

"ಕೂಡದು."

ಎರಡನೇ ಚಹಾ ತಣ್ಣಗಾಯಿತು. ಮೂರನೆಯದರ ಹೊತ್ತಿಗೆ ನನ್ನೊಳಗೆ ಏನೋ ಮಿಂಚಿತು.

"ಹೊರೆ ಗಾಡಿಗೆ ಕೊಡಿ, ತಲೆಗೆ ಬೇರೆ ಕೆಲಸ ಉಂಟು!" ಎಂದು ಮೇಜು ಕುಟ್ಟಿದೆ. "ನೋಡಿದಿರಾ? ಫೋನ್ ಬದಿಗಿಟ್ಟ ಕೂಡಲೇ ಹೇಗೆ ಬಂತು!"

ಬಿಜು ಯಶೋದಾ ಅವರನ್ನು ನೋಡಿದ. ಯಶೋದಾ ಚಟ್ನಿಯನ್ನು ನೋಡಿದರು.

"ಎಂತ, ಚಂದ ಇಲ್ವಾ?"

"ಚಂದ ಉಂಟು ಸರ್," ಎಂದರು ಯಶೋದಾ. "ಸೋಮವಾರ ನಾನು ಬರೆದಾಗಲೂ ಚಂದ ಇತ್ತು."

"ಇದು ತಲೆಹೊರೆ ಹೊರುವವರಿಗೆ ಅವಮಾನ ಅಂತ ನೀವೇ ಅಲ್ವಾ ಸರ್ ಅಳಿಸಿದ್ದು?" ಎಂದ ಬಿಜು.

"ನಾನಾ?"

"ಇರ್ಲಿ ಬಿಡಿ," ಎಂದರು ಯಶೋದಾ, "ಆವತ್ತು ನಿಮ್ಮ ತಲೆಗೆ ಬೇರೆ ಕೆಲಸ ಇತ್ತೋ ಏನೋ."

ಕಣ್ಣ ಮುಂದೆ ಸಾವಿರ ಬೋಲ್ಟುಗಳು ಉರುಳಿದವು. ಆದರೂ ಬಿಲ್ಲು ಕೊಟ್ಟು ನೇರ ಧನಿಗಳಿಗೆ ಫೋನ್ ಮಾಡಿ, ವಾಕ್ಯವನ್ನು ಒಪ್ಪಿಸಿದೆ, ಕಡತದಲ್ಲಿ ಅದನ್ನು ಬರೆದವರು ಯಾರೆಂಬುದನ್ನೂ ಹೇಳಿದೆ. "ಕಡತ ಮಾಡಿಸಿದ್ದು ಒಳ್ಳೆದೇ ಆಯ್ತಲ್ಲ" ಎಂದು ಅವರು ತಮ್ಮನ್ನೇ ಮೆಚ್ಚಿಕೊಂಡರು. ನಾನು ಪ್ರಚಾರದಲ್ಲೇ ಉಳಿದೆ.

ಈಗ ಆ ಸಾಲು ಮೂರೂ ಶಾಖೆಗಳ ಬೋರ್ಡಿನಲ್ಲಿದೆ. ಗಿರಾಕಿಗಳು ಅದನ್ನು ಓದಿ ನಕ್ಕರೆ ಸಾಕು, ಕೇಳುವ ಮೊದಲೇ "ಬರೆದದ್ದು ಸುಳ್ಯದ ಯಶೋದಾ" ಎನ್ನುತ್ತೇನೆ. ನಮ್ಮ ಸರ್‌ಗೆ ಎಷ್ಟು ದೊಡ್ಡ ಮನಸ್ಸು ಎಂದು ಬಿಜು ಎಲ್ಲರಲ್ಲಿ ಹೇಳುತ್ತಾನಂತೆ. ಮನಸ್ಸಿನ ಮಾತಲ್ಲ ಅದು. ಒಂದು ವಾರ ಹೇಳದೆ ಬಿಟ್ಟರೆ ಆ ವಾಕ್ಯ ಪುನಃ ನನ್ನದಾಗಿಬಿಡುತ್ತದೆ. ಅರಂತೋಡಿನ ನಾಯಿ ಕಚ್ಚಿದ ಜಾಗ ಚಳಿ ಬಿದ್ದರೆ ನನಗೆ ಈಗಲೂ ನೋಯುತ್ತದೆ.