ಕೌದಿಯ ನಾಲ್ಕನೇ ಮೂಲೆ

ನಮ್ಮ ಮನೆಯಲ್ಲಿ ತಾನಾಗಿ ಮುಗಿಯುವುದು ಎರಡೇ: ಗ್ಯಾಸ್ ಸಿಲಿಂಡರು ಮತ್ತು ತೊಗರಿಬೇಳೆ. ಉಳಿದದ್ದನ್ನೆಲ್ಲ ನಾವು ಶುರು ಮಾಡುತ್ತೇವೆ, ಅಷ್ಟೆ. ನಾನು ಪ್ರಾಥಮಿಕ ಶಾಲೆಯ ಟೀಚರು, ನನ್ನವರು ಕಚೇರಿಯ ಗುಮಾಸ್ತರು. ವರ್ಗಾವಣೆಯ ದಯೆಯಿಂದ ಜೇವರ್ಗಿ, ಅಫಜಲಪುರ, ಆಳಂದ ಮೂರೂ ಊರಿನ ನೀರು ಕುಡಿದಿದ್ದೇವೆ, ಮೂರೂ ಊರಿನಲ್ಲಿ ಒಂದೊಂದು ಕೆಲಸ ಅರ್ಧಕ್ಕೆ ಬಿಟ್ಟಿದ್ದೇವೆ. ಇದಕ್ಕೆಲ್ಲ ಸಾಕ್ಷಿ ನನ್ನ ಅತ್ತೆ. ಅವರಿಗೆ ಎಂಬತ್ತು ದಾಟಿದೆ, ಕಣ್ಣು ಸ್ವಲ್ಪ ಮಂಜು, ನಾಲಿಗೆ ಮಾತ್ರ ಇನ್ನೂ ಚುರುಕು. ನನ್ನನ್ನು ಯಾರಿಗಾದರೂ ಪರಿಚಯಿಸುವಾಗ, "ನಮ್ಮ ಸೊಸಿ ಬಾಳ ಶಾಣ್ಯಾಕಿ, ಎಲ್ಲಾ ಬರ್ತದ, ಅರ್ಧರ್ಧ," ಅನ್ನುತ್ತಾರೆ.

ಗಿಳಿ

ಜೇವರ್ಗಿಯಲ್ಲಿದ್ದಾಗ ಬಾಗಿಲ ಪರದೆಯ ಮೇಲೆ ಗಿಳಿ ಕಸೂತಿ ಹಾಕಲು ಕೂತೆ. ಒಂದರ ಹಿಂದೆ ಒಂದು ಹಾರುತ್ತಿರುವ ಎರಡು ಗಿಳಿ. ಹಿಂದಿನ ಗಿಳಿಯನ್ನು ಒಂದು ಬೇಸಿಗೆ ರಜೆಯಲ್ಲಿ ಪೂರ್ತಿ ಮಾಡಿದೆ. ಕೊಕ್ಕು, ಕಣ್ಣು, ಕೊರಳಿನ ಕೆಂಪು ಪಟ್ಟಿ, ಎಲ್ಲ ಚೆಂದ ಬಂತು. ಮುಂದಿನ ಗಿಳಿಯನ್ನು ಬಾಲದಿಂದ ಶುರು ಮಾಡಿದೆ. ಬಾಲ ಮುಗಿಯಿತು, ರಜೆಯೂ ಮುಗಿಯಿತು.

ಅಷ್ಟರಲ್ಲಿ ಯಾರೋ ನೆಂಟರು ಬರುವವರಿದ್ದರು. ಬಾಗಿಲಿಗೆ ಬೇರೆ ಪರದೆ ಇರಲಿಲ್ಲ. ಇದ್ದದ್ದನ್ನೇ ಹಾಕಿದೆ. ನೆಂಟರು ಬಂದು ಹೋದರು, ಪರದೆ ಅಲ್ಲೇ ಉಳಿಯಿತು. ಮಳೆಗಾಲ, ಚಳಿಗಾಲ, ಮತ್ತೆ ರಜೆ, ಮತ್ತೆ ಶಾಲೆ. ಗಿಳಿಯ ಮುಂದೆ ಒಂದು ಹಸಿರು ಬಾಲ ಒಂಟಿಯಾಗಿ ನೇತಾಡುತ್ತಲೇ ಇತ್ತು.

ಪಕ್ಕದ ಮನೆಗೆ ಹೊಸದಾಗಿ ಬಂದ ಹೆಂಗಸು, ಓಣಿಗೆಲ್ಲ ಖಾಲಾ, ಒಂದು ದಿನ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದರು. ಪರದೆಯ ಮುಂದೆ ನಿಂತು ಬಹಳ ಹೊತ್ತು ನೋಡಿದರು. ಕೊನೆಗೆ ಅವರು, "ಬಾಳ ಚಂದ ಹಾಕೀರಿ ಬಾಯಿ, ಗಿಳಿ ಮೆಣಸಿನಕಾಯಿ ತಿನ್ನಾಕ ಹೊಂಟದ," ಅಂದರು.

ನನಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯಿತು. ಹೊಸ ಕಣ್ಣಿನಿಂದ ನೋಡಿದರೆ ಅದು ಮೆಣಸಿನಕಾಯಿಯೇ. ಅಂದರೆ ನನ್ನ ಕೆಲಸ ಮುಗಿದು ಎಷ್ಟೋ ವರ್ಷವಾಗಿದೆ, ನನಗೇ ಗೊತ್ತಿರಲಿಲ್ಲ. ಹೌದ್ರಿ, ಅದು ಮೆಣಸಿನಕಾಯಿಯೇ ಎಂದು ತಲೆಯಾಡಿಸಿದೆ. ಒಳಗೆ ಸೊಪ್ಪು ಸೋಸುತ್ತ ಕೂತಿದ್ದ ಅತ್ತೆ ಅಲ್ಲಿಂದಲೇ ಹೇಳಿದರು:

"ಆರು ವರ್ಷ ಆತ್ರಿ, ಇನ್ನಾ ಬಾಯಿಗೆ ಸಿಕ್ಕಿಲ್ಲ ಅದಕ್ಕ."

ಎರಡನೇ ಸಾಲು

ಅಫಜಲಪುರಕ್ಕೆ ಹೋದ ಮೇಲೆ ಸರದಿ ನನ್ನವರದು. ಎಲ್ಲಿಂದಲೋ ಒಂದು ಹಳೆಯ ಹಾರ್ಮೋನಿಯಂ ತಂದರು. ಕಚೇರಿಯ ಗೆಳೆಯರೊಬ್ಬರು ಒಂದು ಭಜನೆಯ ಮೊದಲ ಸಾಲು ಕಲಿಸಿಕೊಟ್ಟು ಬೇರೆ ಊರಿಗೆ ವರ್ಗವಾಗಿ ಹೋದರು. ನನ್ನವರು ಆ ಸಾಲನ್ನು ಗಟ್ಟಿಯಾಗಿ ಹಿಡಿದುಕೊಂಡರು. ಕಚೇರಿಗೆ ಹೋಗುವ ಮುನ್ನ ಬೆಳಿಗ್ಗೆ ಅರ್ಧ ತಾಸು, ಭಾನುವಾರ ಎರಡು ತಾಸು, ಅದೇ ಸಾಲು. ಸಾಲು ಏರುತ್ತಿತ್ತು, ಏರಿ ತುದಿಗೆ ಹೋಗಿ ನಿಲ್ಲುತ್ತಿತ್ತು. ಇಳಿಯುವುದು ಎರಡನೇ ಸಾಲಿನಲ್ಲಿ, ಅದು ಅವರಿಗೆ ಬರುತ್ತಿರಲಿಲ್ಲ.

ನಮ್ಮ ಗೋಡೆಯ ಆಚೆಗೆ ಇದ್ದವರು ಹವಳಗಾದ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುವವರು. ಬೆಳಿಗ್ಗೆ ಬಂದು ಮಲಗಬೇಕು. ಒಂದು ದಿನ ಕೆಂಪು ಕಣ್ಣು ಮಾಡಿಕೊಂಡು ನಮ್ಮ ಬಾಗಿಲಲ್ಲಿ ನಿಂತರು. ನಾನು ಜಗಳಕ್ಕೆ ಬಂದರು ಅಂದುಕೊಂಡು ಕುರ್ಚಿ ಹಾಕಿ, ಚಹಾ ಇಟ್ಟು, ಕ್ಷಮೆ ಕೇಳಲು ತಯಾರಾದೆ.

ಅವರು ಕೈ ಮುಗಿದರು. "ಸರ್, ಸಪ್ಪಳದ್ದೇನೂ ತ್ರಾಸಿಲ್ರಿ. ಮಷೀನಿನ ಬಾಜೂಕ ನಿಂತು ನಿದ್ದಿ ಮಾಡಿದ ಮನಷ್ಯಾ ನಾ. ಆದ್ರ ಮುಂದಿನ ಸಾಲು ಒಂದ ಸಲ ಬಾರಿಸಿ ಬಿಡ್ರಿ. ನಿದ್ದಿ ಅಲ್ಲೇ ತುದೀಗೆ ನಿಂತದ, ಇಳೀವಲ್ದು."

ನನ್ನವರು ನಾಚಿಕೊಂಡು ಅದು ತಮಗೆ ಬರುವುದಿಲ್ಲ ಎಂದರು. ಪಾಳಿಯವರು, ಅದು ನನಗೆ ಬರುತ್ತದೆ, ಹಳ್ಳಿಯ ಭಜನೆಯಲ್ಲಿ ಹಿಮ್ಮೇಳಕ್ಕೆ ಹಾಡುತ್ತಿದ್ದೆ ಎಂದರು. ಅವತ್ತಿನಿಂದ ಒಂದು ಏರ್ಪಾಡಾಯಿತು. ಇವರು ಈಚೆ ಮೊದಲ ಸಾಲು ಬಾರಿಸುವುದು, ಅವರು ಗೋಡೆಯ ಆಚೆ ಮಲಗಿದಲ್ಲೇ ಎರಡನೇ ಸಾಲು ಹಾಡುವುದು. ಐದು ನಿಮಿಷದಲ್ಲಿ ಗೊರಕೆ ಕೇಳಿಸುತ್ತಿತ್ತು.

ಮೂರು ವರ್ಷ ಹೀಗೆ ನಡೆಯಿತು. ನಮಗೆ ಆಳಂದಕ್ಕೆ ವರ್ಗವಾಗಿ ಸಾಮಾನು ಏರಿಸುವ ದಿನ ಅವರು ಓಡಿ ಬಂದರು. ಹಾರ್ಮೋನಿಯಂ ಲಾರಿ ಹತ್ತುವುದನ್ನು ನೋಡಿ ಅವರ ಮುಖ ಸಣ್ಣದಾಯಿತು. ನನ್ನವರು ಸಮಾಧಾನ ಮಾಡಲು, ಹಾಡು ನಿಮಗೆ ಬರುತ್ತದಲ್ಲ, ನೀವೇ ಹಾಡಿಕೊಳ್ಳಿ ಎಂದರು.

"ನನಗ ಎರಡನೇ ಸಾಲು ಅಷ್ಟ ಬರ್ತದ ಸರ್," ಅಂದರು ಅವರು. "ಇನ್ನ ಸುರು ಮಾಡವ್ರು ಯಾರು?"

ಗಂಟು

ಅದೇ ಲಾರಿಗೆ ಸಾಮಾನು ಏರಿಸುವಾಗ ಒಂದು ದೊಡ್ಡ ಗಂಟು ಹೊರಬಿತ್ತು. ತಲೆಯಿಲ್ಲದ ಗಿಳಿಯ ಪರದೆ, ಒಂದೇ ತೋಳಿನ ಸ್ವೆಟರು, ಮಣಿ ಪೋಣಿಸಿದ ಅರ್ಧ ತೋರಣ, ಮೂರು ಕಡೆ ಮಾತ್ರ ಹೆಣೆದ ಬುಟ್ಟಿ. ಹಮಾಲಿಯವನು ಅದನ್ನು ಎತ್ತಿ ಹಿಡಿದು, ಇದು ಲಾರಿಗೋ ತಿಪ್ಪೆಗೋ ಎಂದು ಕೇಳಿದ.

ನಾನು ಮುಖ ತಿರುಗಿಸಿದೆ. ನನ್ನವರು ಹಗ್ಗ ಬಿಗಿಯುವ ನಾಟಕ ಮಾಡಿದರು. ಅತ್ತೆ ಮುಂದಿನ ಸೀಟಿನಲ್ಲಿ ಆಗಲೇ ಕೂತಿದ್ದರು. ಅಲ್ಲಿಂದ ತಲೆ ಹೊರಹಾಕಿ, "ಮೇಲಿಡಪಾ, ಅದನ್ನ ಬಿಟ್ಟು ಹೋದ್ರ ಆಳಂದದಾಗ ಎಲ್ಲಾ ಮೊದಲಿಂದ ಅರ್ಧ ಮಾಡ್ಬೇಕಾಗ್ತದ," ಅಂದರು.

ಮಾಯವಾಗುವ ಸೂಜಿ

ಆಳಂದಕ್ಕೆ ಬಂದ ಮೇಲೆ ಮಗಳ ಮದುವೆಯಾಯಿತು, ಯಡ್ರಾಮಿಗೆ ಕೊಟ್ಟೆವು. ಅವಳಿಗೆ ಆರನೇ ತಿಂಗಳು ಅಂದಾಗ ನನಗೆ ಕೈ ಕಡಿಯತೊಡಗಿತು. ಕೂಸಿಗೆ ಏನಾದರೂ ಹೊಲಿಯಬೇಕು. ಫೋನಿನಲ್ಲಿ ಮಗಳಿಗೆ ಹೇಳಿದೆ. ಅವಳು, "ಮಮ್ಮಿ, ನೀ ಏನೂ ಸುರು ಮಾಡಬ್ಯಾಡ, ಅಂಗಡ್ಯಾಗ ಪೂರ್ತಿ ಆದದ್ದು ಸಿಗ್ತದ," ಅಂದಳು.

ತಮಾಷೆಗೆ ಅಂದದ್ದೇ. ಆದರೆ ನನಗೆ ಚುಚ್ಚಿತು. ಹೆತ್ತ ಮಗಳೂ ಹೀಗಂದ ಮೇಲೆ ಇನ್ನೇನು ಉಳಿಯಿತು? ತೊಟ್ಟಿಲು ಹಾಕುವ ದಿನ ಬೀಗರೆಲ್ಲರ ಎದುರಿಗೆ ನಾನು ಹೊಲಿದ ಕೌದಿಯೇ ತೊಟ್ಟಿಲಲ್ಲಿ ಇರಬೇಕು, ಅದೂ ಪೂರ್ತಿಯಾದದ್ದು ಎಂದು ಮನಸ್ಸಿನಲ್ಲೇ ಆಣೆ ಮಾಡಿದೆ. ಅತ್ತೆಯ ಹಳೇ ಇಳಕಲ್ ಸೀರೆ, ನನ್ನ ಎರಡು ವಾಯಿಲ್ ಸೀರೆ, ಮಗಳ ಶಾಲೆಯ ಲಂಗ, ಎಲ್ಲ ಕತ್ತರಿಸಿ ತುಂಡು ಜೋಡಿಸಿದೆ.

ಕೌದಿ ಹೊಲಿಯಲು ಕಲಿಸಿದವರು ಅತ್ತೆಯೇ. ಅವರ ಮನೆತನದಲ್ಲಿ ಒಂದು ಪದ್ಧತಿ. ಕೌದಿಯ ಮೂರು ಮೂಲೆ ಮುಚ್ಚಿ ನಾಲ್ಕನೆಯದನ್ನು ಚೀಲದ ಬಾಯಿಯ ಹಾಗೆ ಬಿಡಬೇಕು. ಕೊನೆಗೆ ಅದರೊಳಗೆ ಒಂದು ಚೂರು ರೊಟ್ಟಿ, ಒಂದು ಚೂರು ಬೆಲ್ಲ ಇಟ್ಟು ಹೊಲಿದುಬಿಡಬೇಕು. ಹಸಿದ ಕೌದಿ ಹೊದ್ದ ಕೂಸು ನಿದ್ದೆ ಮಾಡುವುದಿಲ್ಲವಂತೆ.

ಈ ಸಲ ನಾನು ಬಿಡಲಿಲ್ಲ. ಎರಡು ತಿಂಗಳಲ್ಲಿ ಮೂರು ಮೂಲೆ ಮುಚ್ಚಿದವು. ಬೆಳಕು ಚೆನ್ನಾಗಿದೆ ಎಂದು ಕೌದಿಯನ್ನು ಅತ್ತೆಯ ಮಂಚದ ಮೇಲೆ ಕಿಟಕಿ ಬದಿಗೆ ಇಡುತ್ತಿದ್ದೆ. ಇನ್ನು ಗೇಣುದ್ದ ಬಾಕಿ ಅನ್ನುವಾಗ ಸೂಜಿ ಮಾಯವಾಯಿತು. ಹೊಸದು ತಂದೆ. ಅದೂ ಮಾಯ. ಮತ್ತೊಂದು ತಂದೆ. ಹೀಗೆ ಏಳು ಸೂಜಿ. ನಿಜ ಹೇಳಬೇಕೆಂದರೆ ಪ್ರತಿ ಸಲ ಸೂಜಿ ಸಿಗದಿದ್ದಾಗ ನನಗೂ ಒಳಗೊಳಗೇ ಸ್ವಲ್ಪ ಹಾಯೆನಿಸುತ್ತಿತ್ತು. ಹಳೇ ರೋಗ, ಅಷ್ಟು ಬೇಗ ಹೋಗುತ್ತದೆಯೇ?

ಅದೇ ಹೊತ್ತಿಗೆ ಮನೆಗೆ ಮತ್ತೊಂದು ಚಿಂತೆ ಬಂತು. ಅತ್ತೆಗೆ ಸಕ್ಕರೆ ಕಾಯಿಲೆ. ಅದು ಏರುತ್ತಲೇ ಹೋಯಿತು. ಏನು ತಿನ್ನುತ್ತೀರಿ ಅಜ್ಜಿ ಎಂದು ಡಾಕ್ಟರು ಕೇಳಿದರೆ, ಜೋಳದ ರೊಟ್ಟಿ, ಪುಂಡಿಪಲ್ಯ, ಅದರ ಹೊರತು ನೀರು ಎಂದು ಸಂತರ ಹಾಗೆ ಕಣ್ಣು ಮುಚ್ಚಿ ಹೇಳಿದರು. ನಾನು ಅವರ ದಿಂಬು, ಟ್ರಂಕು, ಎಲೆಅಡಿಕೆ ಚೀಲ ಎಲ್ಲ ತಡಕಾಡಿದೆ. ಏನೂ ಇಲ್ಲ. ಇತ್ತ ಎಳ್ಳಮಾಸಿ ಹಬ್ಬಕ್ಕೆ ಮಾಡಿದ ಶೇಂಗಾ ಹೋಳಿಗೆ ಬೇಗ ಖಾಲಿಯಾಯಿತು. ಹೆರಿಗೆಯಾಗಿ ಮನೆಗೆ ಬಂದ ಮಗಳಿಗೆಂದು ಕಟ್ಟಿದ ಅಂಟಿನುಂಡಿಯೂ ಡಬ್ಬಿಯಲ್ಲಿ ಇಳಿಯುತ್ತಿತ್ತು. ನಾನು ನನ್ನವರನ್ನು ಹಿಡಿದು ಬೈದೆ. ಅವರು ದೇವರ ಮೇಲೆ ಆಣೆ ಹಾಕಿದರು. ಬಾಣಂತಿಯ ಉಂಡಿ ಕದ್ದು ತಿನ್ನುವುದಲ್ಲದೆ ದೇವರನ್ನೂ ನಡುವೆ ತರುತ್ತೀರಾ ಎಂದು ಮತ್ತೆ ಬೈದೆ.

ಕೌದಿಗೆ ಇರುವೆ ಹತ್ತಿದ್ದನ್ನೂ ನೋಡಿದೆ. ಅತ್ತೆಯನ್ನು ಕೇಳಿದರೆ, ಹಳೇ ಸೀರೆಯ ಗಂಜಿಗೆ ಇರುವೆ ಬಂದೇ ಬರುತ್ತವೆ ಎಂದರು. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದ ನಾನು ಅದನ್ನೂ ನಂಬಿದೆ.

ಕೌದಿಗೆ ಊಟ

ತೊಟ್ಟಿಲಿನ ಹಿಂದಿನ ದಿನವೇ ಯಡ್ರಾಮಿಯಿಂದ ಬೀಗಿತಿ ಬಂದರು. ಮಗಳು ಅವರಿಗೆ ನನ್ನ ಸೂಜಿಯ ಕಥೆಯನ್ನೆಲ್ಲ ಹೇಳಿಬಿಟ್ಟಿದ್ದಳು. ಚೀಲ ಇಳಿಸುವ ಮೊದಲೇ, "ಸೂಜಿ ಇಲ್ಲಂದ್ರಂತಲ್ಲ, ನಾ ತಂದೀನ್ರಿ," ಎಂದು ಸೆರಗಿಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದು ನನ್ನ ಕೈಗೆ ಕೊಟ್ಟರು.

ಇನ್ನು ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಚಾಪೆ ಹಾಸಿ ಕೌದಿ ಹರಡಿದೆ. ಮಗಳು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು. ಎದುರಿಗೆ ಬೀಗಿತಿ. ಹುಟ್ಟಿದಂದಿನಿಂದ ಮೊದಲ ಸಲ ಒಂದು ಕೆಲಸ ಮುಗಿಸುವವಳಿದ್ದೆ.

ಆಗ ಅತ್ತೆ ಅಡ್ಡ ಬಂದರು. ಇಷ್ಟು ದಿನ ಕೌದಿ ಯಾವಾಗ ಮುಗಿಸುತ್ತೀ ಎಂದು ಕಾಡಿದವರೇ ಈಗ ಶನಿವಾರ ಸೂಜಿ ಹಿಡಿಯಬಾರದು ಎಂದರು. ಇವತ್ತು ಗುರುವಾರ ಎಂದೆ. ಹಾಗಾದರೆ ಗುರುವಾರವೂ ಬೇಡ ಎಂದರು. ಕೂಸಿಗೆ ಏನೂ ಅವಸರವಿಲ್ಲ, ಒಂದು ಮೂಲೆ ತೆರೆದಿದ್ದರೆ ಗಾಳಿಯಾಡುತ್ತದೆ ಎಂದರು. ನಾನು ಕೇಳಲಿಲ್ಲ. ರೊಟ್ಟಿಯ ಚೂರು, ಬೆಲ್ಲದ ಚೂರು ಹಿಡಿದು ನಾಲ್ಕನೇ ಮೂಲೆಗೆ ಕೈ ಹಾಕಿದೆ.

ಕೈ ಒಳಗೆ ಹೋಗಲಿಲ್ಲ. ಜಾಗವೇ ಇರಲಿಲ್ಲ.

ಮೊದಲು ಹೊರಗೆ ಬಂದದ್ದು ಅರ್ಧ ಅಂಟಿನುಂಡಿ. ಆಮೇಲೆ ಒಂದು ಪೂರ್ತಿ ಅಂಟಿನುಂಡಿ. ಆಮೇಲೆ ಕಾಗದದಲ್ಲಿ ಸುತ್ತಿದ ಶೇಂಗಾ ಹೋಳಿಗೆ, ಕಲ್ಲುಸಕ್ಕರೆ, ಯಾರದೋ ಮದುವೆಯ ಬೂಂದಿ. ತೀರಾ ತಳದಲ್ಲಿ ಒಂದು ಬಟ್ಟೆಯ ತುಂಡು, ಅದರಲ್ಲಿ ಸಾಲಾಗಿ ಚುಚ್ಚಿಟ್ಟ ಏಳು ಸೂಜಿ.

ಬಾಗಿಲಲ್ಲಿ ನಿಂತಿದ್ದ ನನ್ನವರು ಉಂಡಿಯನ್ನು ನೋಡಿದರು, ನನ್ನನ್ನು ನೋಡಿದರು. ನಾನು ಬೈದದ್ದೆಲ್ಲ ನೆನಪಾಗಿ ನನಗೆ ನಾಚಿಕೆಯಾಯಿತು. ಬೀಗಿತಿ ಸೆರಗು ಬಾಯಿಗೆ ಒತ್ತಿಕೊಂಡು, ಈ ಕೌದಿ ಹಸಿದಿಲ್ಲ, ಉಂಡು ತೇಗುತ್ತಿದೆ ಎಂದರು.

ನಾನು ಸೊಂಟದ ಮೇಲೆ ಕೈಯಿಟ್ಟು ಅತ್ತೆಯ ಕಡೆ ತಿರುಗಿದೆ. ಅವರು ಸ್ವಲ್ಪವೂ ಅಳುಕಲಿಲ್ಲ.

"ಪದ್ಧತಿ ನಾ ಹೇಳಿದ್ನೋ ಇಲ್ಲೋ?" ಅಂದರು. "ನೀ ಮುಗಸೂತನಕ ಅದು ಉಪಾಸ ಇರಬೇಕೇನು?"

ಮಗಳು ನಕ್ಕ ನಗೆಗೆ ಕೂಸು ಬೆಚ್ಚಿತು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಇರುವೆ ಒದರಿ, ಮೂಲೆ ಒರೆಸಿ, ರೊಟ್ಟಿ ಬೆಲ್ಲ ಇಟ್ಟು, ಗೇಣುದ್ದ ಹೊಲಿಗೆ ಹಾಕಿ ದಾರ ಹರಿದೆ. ಮರುದಿನ ಬೀಗರೆಲ್ಲರ ಎದುರು ಕೂಸು ಆ ಕೌದಿಯ ಮೇಲೆ ಕಣ್ಣು ಮುಚ್ಚಿ ಮಲಗಿತು. ಮಗಳು ನನ್ನ ಕೈ ಹಿಡಿದು, ಮಮ್ಮಿ, ನಾಲ್ಕೂ ಮೂಲೆ ಅವ ಎಂದಳು. ಎಲ್ಲರ ನಡುವೆಯೇ ನನ್ನ ಕಣ್ಣಲ್ಲಿ ನೀರು ಬಂತು.

ಮಧ್ಯಾಹ್ನ ಬೀಗರು ಹೊರಟ ಮೇಲೆ ಅತ್ತೆ ಕೈಸನ್ನೆ ಮಾಡಿ ಕರೆದರು. ನಿನ್ನೆಯಿಂದ ಪುಂಡಿಪಲ್ಯ ಬಿಟ್ಟು ಬೇರೇನೂ ಸಿಕ್ಕಿರಲಿಲ್ಲ, ಮುಖ ಬಾಡಿತ್ತು. ಮಂಚದ ಕೆಳಗಿನಿಂದ ತಮ್ಮ ಇನ್ನೊಂದು ಇಳಕಲ್ ಸೀರೆ ಎಳೆದು ನನ್ನ ಮಡಿಲಿಗೆ ಹಾಕಿ, ಯಾರಿಗೂ ಕೇಳದಂತೆ ಹೇಳಿದರು:

"ಇನ್ನೊಂದ್ ಕೌದಿ ಹಚ್ಚು ತಾಯಿ. ಅವಸರ ಮಾಡಬ್ಯಾಡ."