ಹಿಟ್ಟಿನ ಜರಡಿ ಮತ್ತು ಐವತ್ನಾಲ್ಕು ಟಕ್ಕು

ಕೆಟ್ಟುಹೋದ ವಸ್ತುವನ್ನು ರಿಪೇರಿ ಮಾಡುವವರು ಊರಿಗೆ ನಾಲ್ಕು ಜನ ಸಿಗುತ್ತಾರೆ. ಚೆನ್ನಾಗಿ ನಡೆಯುತ್ತಿರುವುದನ್ನು ರಿಪೇರಿ ಮಾಡುವವರು ಅಪರೂಪ, ಮತ್ತು ನಾನು ಆ ಅಪರೂಪದವರಲ್ಲಿ ಒಬ್ಬ. ಹೆಮ್ಮೆಯಿಂದ ಹೇಳುತ್ತಿಲ್ಲ, ತಪ್ಪೊಪ್ಪಿಗೆ ಎಂದೇ ತಿಳಿಯಿರಿ. ನಮ್ಮ ಮನೆಯ ಗೋಡೆ ಗಡಿಯಾರ ಮೊದಲು ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತಿತ್ತು. ನಾನು ಕೈಹಾಕಿದ ಮೇಲೆ ದಿನಕ್ಕೆ ಎರಡು ನಿಮಿಷ ಮಾತ್ರ ನಡೆಯುತ್ತದೆ. ನಾನು ಸ್ಕ್ರೂಡ್ರೈವರ್ ಹಿಡಿದು ಎದ್ದೆನೆಂದರೆ ನನ್ನ ಹೆಂಡತಿ ಗಿರಿಜಾ ಮೊದಲು ಮಿಕ್ಸರನ್ನು ಎತ್ತಿಕೊಂಡು ಹೋಗಿ ಅಕ್ಕಿ ಡಬ್ಬಿಯ ಹಿಂದೆ ಬಚ್ಚಿಡುತ್ತಾಳೆ. ನಮ್ಮೂರು ಬಮ್ಮಿಗಟ್ಟಿಯ ಸುತ್ತಮುತ್ತ ನನಗೆ ವಿಜ್ಞಾನ ಮಾಸ್ತರ ಎಂದು ಹೆಸರು. ಹೈಸ್ಕೂಲಿನಲ್ಲಿ ನಾನು "ಇವತ್ತು ಒಂದು ಪ್ರಯೋಗ ಮಾಡೋಣ" ಎಂದರೆ ಸಾಕು, ಇಡೀ ತರಗತಿ ಸದ್ದಿಲ್ಲದೆ ಬಾಗಿಲ ಹತ್ತಿರದ ಬೆಂಚುಗಳಿಗೆ ಸರಿಯುತ್ತದೆ.

ಇಂಥ ನನ್ನ ಬಾಳಿಗೆ ಕಳೆದ ಮುಂಗಾರಿನಲ್ಲಿ ಒಂದು ಮಹಾ ಅವಕಾಶ ಬಂತು. ರೇಡಿಯೊದವರು ಊರಿಗೆ ಬಂದು ಗಿರಿಜಾಳ ಮತ್ತು ಅವಳ ನಾಲ್ವರು ಗೆಳತಿಯರ ಬೀಸುಕಲ್ಲಿನ ಪದಗಳನ್ನು ಧ್ವನಿಮುದ್ರಿಸಿಕೊಂಡು ಹೋದರು. ಮುಂದೆ ನಿಂತು ಹಾಡಿದವಳು ಗಿರಿಜಾ, ಉಳಿದವರು ಹಿಂದೆ ದನಿಗೂಡಿಸಿದರು. ಬರುವ ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ಹನ್ನೆರಡೂವರೆಗೆ ಪ್ರಸಾರ, ಅದೂ ಒಂದೇ ಸಲ. ಗಿರಿಜಾ ಅವತ್ತಿನಿಂದ ನೆಲದ ಮೇಲೆ ಇರಲಿಲ್ಲ. ಅವಳ ತವರು ನವಲಗುಂದ ಕಡೆಯ ಮೊರಬ. ಅಲ್ಲಿಗೆ ಫೋನು ಮಾಡಿ ಅಣ್ಣ, ಅತ್ತಿಗೆ, ಓಣಿಯ ಮಂದಿ, ಕೊನೆಗೆ ಬಸ್ ಸ್ಟ್ಯಾಂಡಿನ ಚಹಾದಂಗಡಿಯವನಿಗೂ ಹೇಳಿಸಿದಳು. "ಮೊಬೈಲಿನಲ್ಲೂ ಕೇಳಬಹುದಲ್ಲ" ಎಂದು ನಾನು ಬಾಯಿಬಿಟ್ಟೆ. ಅವಳು ನನ್ನನ್ನು ದಡ್ಡ ಹುಡುಗನನ್ನು ನೋಡುವಂತೆ ನೋಡಿದಳು.

"ಮೊಬೈಲಿನ್ಯಾಗ ನನ್ನ ದನಿ ದಿನಾ ಬರ್ತೈತಿ, ಅದರಾಗೇನೈತ್ರಿ ದೊಡ್ಡಸ್ತನ? ನಮ್ಮಪ್ಪ ಸಾಯೂತನಕ ರೇಡಿಯೋ ಬಾಜು ಕುಂತು ಉಂಡಾನ. ಅದ ಪೆಟ್ಟಿಗಿಯೊಳಗಿಂದ ನನ್ನ ದನಿ ಬರಬೇಕು. ನಾ ಇಲ್ಲಿ ಕಟ್ಟಿ ಮ್ಯಾಲ ಕುಂತು ಕೇಳಬೇಕು."

ಆ ಪೆಟ್ಟಿಗೆ ನಮ್ಮಲ್ಲೇ ಇತ್ತು, ಮಾವನವರ ಹಳೆಯ ರೇಡಿಯೊ. ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಸೆಲ್ ಹಾಕಿ, ಧಾರವಾಡಕ್ಕೆ ಮುಳ್ಳು ತಿರುಗಿಸಿದೆ. ಯಾರೋ ಮಾತಾಡುತ್ತಿದ್ದರು, ಆದರೆ ಒಂದು ಮಾತಿಗೆ ಒಂದು ಟಕ್. "ರೈತ ಟಕ್ ಬಾಂಧವರೆ ಟಕ್ ಈ ವಾರ ಟಕ್." ಸುದ್ದಿ ಹಾಕಿದರೂ ಟಕ್, ಭಜನೆ ಹಾಕಿದರೂ ಟಕ್. ಭಜನೆಗೆ ಅದು ಒಂಥರಾ ತಾಳವೇ ಆಗುತ್ತಿತ್ತು ಅನ್ನಿ, ಆದರೆ ತಪ್ಪು ತಾಳ. ಗಿರಿಜಾಳ ಮುಖ ಇಳಿದುಹೋಯಿತು. ನನಗೋ, ಸುಳ್ಳು ಯಾಕೆ ಹೇಳಲಿ, ಒಳಗೊಳಗೇ ಕುಣಿಯುವಷ್ಟು ಖುಷಿ. ಮದುವೆಯಾಗಿ ಇಪ್ಪತ್ತೆಂಟು ವರ್ಷಕ್ಕೆ ನಮ್ಮ ಮನೆಯಲ್ಲಿ ಒಂದು ವಸ್ತು ತಾನಾಗಿಯೇ ಕೆಟ್ಟಿತ್ತು!

ಟಕ್ಕಿನ ಮೂಲ ನನಗೆ ಕ್ಷಣದಲ್ಲಿ ಹೊಳೆಯಿತು. ನಮ್ಮ ಕಡೆ ಗೋವಿನಜೋಳಕ್ಕೆ ಹಗಲು ಮಂಗಗಳ ಕಾಟ, ರಾತ್ರಿ ಹಂದಿಗಳ ಕಾಟ. ಅದಕ್ಕೆ ಎಲ್ಲರೂ ಹೊಲದ ಸುತ್ತ ತಂತಿ ಎಳೆದು ಝಟ್ಕಾ ಮಶಿನ್ ಕೂರಿಸಿದ್ದೇವೆ. ಅದು ಹೆಚ್ಚುಕಡಿಮೆ ಸೆಕೆಂಡಿಗೊಂದರಂತೆ ತಂತಿಗೆ ಸಣ್ಣ ಹೊಡೆತ ಬಿಡುತ್ತದೆ, ಮುಟ್ಟಿದ ಪ್ರಾಣಿ ಬೆಚ್ಚಿಬಿದ್ದು ಓಡುತ್ತದೆ. ಆ ತಂತಿ ಎಲ್ಲಾದರೂ ಕಬ್ಬಿಣದ ಕಂಬಕ್ಕೆ ತಾಗಿ ಕಿಡಿ ಹಾರಿಸಿತೋ, ಇಡೀ ಬೇಲಿಯೇ ಒಂದು ಆಂಟೆನಾ ಆಗಿ ಊರ ರೇಡಿಯೊಗಳಿಗೆಲ್ಲ ಟಕ್ ಎಂದು ಪ್ರಸಾರ ಮಾಡುತ್ತದೆ. ಅಂದರೆ ಯಾರದೋ ಬೇಲಿಯಿಂದ ಕರೆಂಟು ಸೋರುತ್ತಿತ್ತು. ನಮ್ಮದಂತೂ ಅಲ್ಲ. ತಂತಿ ಕಂಬಕ್ಕೆ ತಾಗದಿರಲಿ ಎಂದು ಅಂಗಡಿಯವರು ಕಂಬಕ್ಕೊಂದು ಪ್ಲಾಸ್ಟಿಕ್ ಬಿಲ್ಲೆ ಮಾರುತ್ತಾರೆ, ನಾನು ಅದನ್ನು ಕೊಳ್ಳದೆ ಹಳೆಯ ಹವಾಯಿ ಚಪ್ಪಲಿಗಳನ್ನು ತುಂಡುಮಾಡಿ ಪ್ರತಿ ಕಂಬಕ್ಕೂ ಕಟ್ಟಿ ಅದರ ಮೇಲೆ ತಂತಿ ಎಳೆದವನು. ನನ್ನದೇ ಸಂಶೋಧನೆ. ನೋಡಿದವರೆಲ್ಲ ಬೆರಗಾಗಿದ್ದರು, ಯಾಕೆ ಬೆರಗಾಗಿದ್ದರು ಎಂದು ನಾನು ಆಗ ಕೇಳಲಿಲ್ಲ.

ಕಳ್ಳನನ್ನು ಹಿಡಿಯಲು ಎರಡು ಯಂತ್ರ ಬೇಕಾದವು. ಮೊದಲನೆಯದು ಟಕ್ಕು ಎಣಿಸುವ ಯಂತ್ರ. ಒಂದೊಂದು ಮಶಿನ್ನು ನಿಮಿಷಕ್ಕೆ ಒಂದೊಂದು ಲೆಕ್ಕದಲ್ಲಿ ಬಡಿಯುತ್ತದೆ, ಲೆಕ್ಕ ಸಿಕ್ಕರೆ ಆಸಾಮಿ ಸಿಕ್ಕ ಹಾಗೆ. ಕ್ಯಾಲ್ಕುಲೇಟರಿನಲ್ಲಿ ಒಂದು ಕೂಡಿಸು ಒಂದು ಎಂದು ಒತ್ತಿ, ಆಮೇಲೆ ಸಮ ಚಿಹ್ನೆಯ ಗುಂಡಿಯೊಂದನ್ನೇ ಒತ್ತುತ್ತಾ ಹೋಗಿ, ಅದು ಎರಡು, ಮೂರು, ನಾಲ್ಕು ಎಂದು ತಾನೇ ಎಣಿಸುತ್ತದೆ. ಆ ಗುಂಡಿಯನ್ನು ಬೆರಳಿನ ಬದಲು ರೇಡಿಯೊದ ಟಕ್ಕೇ ಒತ್ತುವಂತೆ ನಡುವೆ ಒಂದು ಪುಟ್ಟ ರಿಲೇ, ಅಂದರೆ ಕರೆಂಟು ಬಂದಾಗ ತಾನೇ ಒತ್ತಿಕೊಳ್ಳುವ ಸ್ವಿಚ್ಚು, ಜೋಡಿಸಿದೆ. ಮೊದಲ ದಿನ ನಿಮಿಷಕ್ಕೆ ನೂರೆಂಟು ತೋರಿಸಿತು. ನೂರೆಂಟು ಎಂದೊಡನೆ ಗಿರಿಜಾ ಕೈ ಮುಗಿದಳು. ನಾನು ಮುಗಿಯಲಿಲ್ಲ, ಯಾಕೆಂದರೆ ರಿಲೇ ಪುಟಿದು ಒಂದೊಂದು ಟಕ್ಕನ್ನೂ ಎರಡೆರಡು ಸಲ ಒತ್ತುತ್ತಿತ್ತು. ಒಂದು ಕೆಪ್ಯಾಸಿಟರ್ ಹಾಕಿ ಅದರ ಕುಣಿತ ನಿಲ್ಲಿಸಿದ ಮೇಲೆ ಸರಿಯಾದ ಲೆಕ್ಕ ಬಂತು, ಐವತ್ನಾಲ್ಕು. ಇನ್ನೊಂದು ತಮಾಷೆಯೂ ಆಯಿತು. ಅಡುಗೆಮನೆಯಲ್ಲಿ ಗಿರಿಜಾ ಗ್ಯಾಸ್ ಲೈಟರ್ ಒತ್ತಿದರೆ ಅದರ ಕಿಡಿಯೂ ನನ್ನ ಯಂತ್ರದಲ್ಲಿ ದಾಖಲಾಗುತ್ತಿತ್ತು. ನಾನು ಪಡಸಾಲೆಯಿಂದಲೇ, "ಇವತ್ತು ಒಲಿ ಹೊತ್ತಾಕ ಏಳು ಸಲ ಒತ್ತಿದಿ ನೋಡು" ಎಂದು ಕೂಗಿದೆ. ಲಟ್ಟಣಿಗೆ ಹಿಡಿದೇ ಹೊರಗೆ ಬಂದಳು.

"ನನ್ನ ಕಾವಲಿಗೆ ಮಶೀನ್ ಇಟ್ಟೀರೇನ್ರಿ?"

ಎರಡನೆಯ ಯಂತ್ರ ದಿಕ್ಕು ತೋರಿಸುವ ಆಂಟೆನಾ. ಅದಕ್ಕೆ ದುಂಡನೆಯ, ಕಟ್ಟಿಗೆಯ ಚೌಕಟ್ಟು ಬೇಕು, ಅದರ ಸುತ್ತ ತಾಮ್ರದ ತಂತಿ ಸುತ್ತಬೇಕು. ತಂತಿ ಸುಟ್ಟ ಪಂಪಿನ ಮೋಟರಿನಲ್ಲಿ ಸಿಕ್ಕಿತು. ಚೌಕಟ್ಟು ಎಲ್ಲಿ ಸಿಕ್ಕಿತು ಎಂದು ಹೇಳಲು ಈಗಲೂ ಧೈರ್ಯ ಸಾಲದು. ಗಿರಿಜಾಳ ಅವ್ವ ಕೊಟ್ಟ ಹಿಟ್ಟಿನ ಜರಡಿ, ನಮ್ಮ ಕಡೆ ಸಾಣಗಿ ಎನ್ನುತ್ತಾರೆ, ಹಳೆಯ ಕಾಲದ್ದು, ಕಟ್ಟಿಗೆಯ ಅಂಚು, ಕೈತುಂಬ ದುಂಡಗೆ. ಒಳಗಿನ ಜಾಳಿಗೆ ಮಾತ್ರ ಲೋಹದ್ದು, ಅದು ಅಡ್ಡ ಬರುತ್ತಿತ್ತು. ಕಿತ್ತೆ. ಆ ದಿನ ನಮ್ಮ ಮನೆಯಲ್ಲಿ ರೊಟ್ಟಿ ಆಗಲಿಲ್ಲ, ಮಾತೂ ಆಗಲಿಲ್ಲ. ಆದರೆ ಆಂಟೆನಾ ಆಯಿತು! ರೇಡಿಯೊಗೆ ಜೋಡಿಸಿ, ಜರಡಿಯನ್ನು ಕನ್ನಡಿಯ ಹಾಗೆ ಮುಖದ ಮುಂದೆ ಹಿಡಿದು ಸುತ್ತಿದರೆ, ಒಂದು ಕಡೆ ಟಕ್ಕು ಪೂರ್ತಿ ಸತ್ತುಹೋಗುತ್ತದೆ. ಆಗ ಜರಡಿಯ ಬಾಯಿ ಯಾವ ಕಡೆಗೋ ಕಳ್ಳ ಆ ಕಡೆಗೆ. ಜರಡಿ ತಿರುಗಿಸಿಯೇ ಮನೆಯಲ್ಲಿ ಟಕ್ಕು ಕೊಂದು ಹಾಡು ಕೇಳಬಹುದಿತ್ತಲ್ಲ ಎನ್ನುತ್ತೀರಿ. ನೋಡಿದೆ. ಟಕ್ಕಿನ ಜೊತೆಗೆ ಧಾರವಾಡವೂ ಸಾಯುತ್ತಿತ್ತು. ನಮ್ಮ ಮನೆಗೆ ಎರಡೂ ಒಂದೇ ದಿಕ್ಕು. ಹಿತ್ತಲು ದಾಟಿದರೆ ನಮ್ಮ ಹೊಲ, ಅದರಾಚೆ ಮೌಲಾಸಾಬ ಕಾಕಾನ ಹೊಲ, ಅದೇ ಗೆರೆ ಎಳೆಯುತ್ತಾ ಹೋದರೆ ಧಾರವಾಡ. ಈ ಸಾಲಿನಲ್ಲಿ ನಮ್ಮ ಹೊಲವನ್ನು ನಾನು ಲೆಕ್ಕಕ್ಕೇ ಹಿಡಿಯಲಿಲ್ಲ, ಅದು ನಮ್ಮದಲ್ಲವೇ.

ಒಂದು ಸಂಜೆ ನಮ್ಮ ಹೊಲದ ಆ ತುದಿಯ ಬದುವಿನ ಮೇಲೆ ನಿಂತೆ. ಕೊರಳಲ್ಲಿ ರೇಡಿಯೊ, ಜೇಬಿನಲ್ಲಿ ಕ್ಯಾಲ್ಕುಲೇಟರ್, ಕೈಯಲ್ಲಿ ಜಾಳಿಗೆಯಿಲ್ಲದ ಜರಡಿ. ದನ ಹೊಡೆದುಕೊಂಡು ಹೋಗುತ್ತಿದ್ದ ಫಕೀರಪ್ಪ ನಿಂತು ನೋಡಿ, "ಮಾಸ್ತರ್ರ, ಆರಾಮ ಅದೀರಿಲ್ಲ?" ಎಂದು ಅಗದಿ ಕಾಳಜಿಯಿಂದ ಕೇಳಿದ. ನಾನು ಜರಡಿ ತಿರುಗಿಸುತ್ತಲೇ ಇದ್ದೆ. ಜರಡಿಯ ಬಾಯಿ ಎದುರಿನ ಮೌಲಾಸಾಬ ಕಾಕಾನ ಹೊಲದ ಕಡೆ ತಿರುಗಿದ್ದೇ ತಡ, ಟಕ್ಕು ಸತ್ತಿತು. ಬದು ಇಳಿದು ಕಾಕಾನ ಮಶಿನ್ನಿನ ಹತ್ತಿರವೇ ಹೋಗಿ, ಅದರ ಬಡಿತವನ್ನು ಕೈಗಡಿಯಾರ ಹಿಡಿದು ಎಣಿಸಿದೆ. ಐವತ್ನಾಲ್ಕು! ಖುಷಿಗೆ ಅಲ್ಲೇ ಒಂದು ಸಲ ಜಿಗಿದೆ. ಜಿಗಿದವನು ತಂತಿಯ ಮೇಲೆ ಕೈಯಿಟ್ಟೆ. ಹಂದಿಗಳ ಬಗ್ಗೆ ನನ್ನ ಗೌರವ ಅವತ್ತು ಹೆಚ್ಚಾಯಿತು.

ಮೌಲಾಸಾಬ ಕಾಕಾ ಹೊಲದಲ್ಲೇ ಇದ್ದ. ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷ ಹಿರಿಯ, ಗಿರಿಜಾ ಮದುವೆಯಾಗಿ ಬಂದ ದಿನದಿಂದ ಅವಳನ್ನು ತಂಗಿ ಎಂದೇ ಕರೆಯುವವನು. ಅವನೂ ನಾನೂ ಜೊತೆಗೆ ಕಲಘಟಗಿಗೆ ಹೋಗಿ ಒಂದೇ ಅಂಗಡಿಯಲ್ಲಿ ಒಂದೇ ಕಂಪನಿಯ ಎರಡು ಮಶಿನ್ ತಂದವರು. ಈ ವಿಷಯ ನನಗೆ ಆಗ ನೆನಪಾಗಬೇಕಿತ್ತು, ಆಗಲಿಲ್ಲ.

"ಕಾಕಾ, ನಿಮ್ಮ ಬೇಲಿ ಸೋರಾಕತ್ತೈತಿ. ನಿಮ್ಮಿಂದ ಊರಿನ ರೇಡಿಯೋ ಎಲ್ಲಾ ಕೆಟ್ಟು ಹೋಗ್ಯಾವ" ಎಂದೆ.

"ನಮ್ಮ ಮಶೀನು ಹಂದಿ ಹೊಡಿತೈತ್ರಿ ಮಾಸ್ತರ್ರ, ರೇಡಿಯೋ ಹೊಡೆಂಗಿಲ್ಲ."

"ಐವತ್ನಾಲ್ಕು, ಕಾಕಾ! ಎಣಿಸೀನಿ. ವಿಜ್ಞಾನ ಸುಳ್ಳು ಹೇಳಂಗಿಲ್ಲ."

"ವಿಜ್ಞಾನ ಹೇಳಂಗಿಲ್ಲ ಬಿಡ್ರಿ, ಮಾಸ್ತರು ಹೇಳಬಹುದು." ಕಾಕಾ ಕುಡಗೋಲು ಕೆಳಗಿಟ್ಟ. ಅವನ ದನಿ ಸಣ್ಣದಾಯಿತು. "ತಂಗಿ ಹಾಡು ಬರತೈತಿ, ಚೂರು ಬಂದ್ ಮಾಡು ಅಂದಿದ್ರ ಸಾಕಿತ್ತು. ನೀವು ಕಳ್ಳನ್ನ ಹಿಡಿಯೋರಂಗ ಸಾಣಗಿ ಹಿಡ್ಕೊಂಡು ಬಂದೀರಿ."

ಮನೆಗೆ ಬಂದು ಇದನ್ನು ವಿಜಯದ ಸುದ್ದಿ ಎಂಬಂತೆ ಹೇಳಿದೆ. ಗಿರಿಜಾ ತಲೆ ಚಚ್ಚಿಕೊಂಡಳು. ನನಗೂ ರಾತ್ರಿ ಊಟ ಸೇರಲಿಲ್ಲ. ಕಾಕಾನ ಮುಖ ಕಣ್ಣ ಮುಂದೆ ಬರುತ್ತಿತ್ತು, ಜೊತೆಗೆ ಐವತ್ನಾಲ್ಕೂ ಬರುತ್ತಿತ್ತು. ಮುಖ ಸರಿಯೋ ಲೆಕ್ಕ ಸರಿಯೋ ತಿಳಿಯದೆ ಹೊರಳಾಡಿದೆ. ಮರುದಿನ ಗಿರಿಜಾ ನನಗೆ ಹೇಳದೆ ಕಾಕಾನ ಮನೆಗೆ ಹೋಗಿ ಬಂದಳಂತೆ. ಏನು ಮಾತಾಡಿದಳೋ ಹೇಳಲಿಲ್ಲ, ನಾನು ಕೇಳುವ ಮುಖವನ್ನೂ ಉಳಿಸಿಕೊಂಡಿರಲಿಲ್ಲ.

ಭಾನುವಾರ ಬಂತು. ಹನ್ನೆರಡು ಗಂಟೆಗೆ ನಮ್ಮ ಕಟ್ಟೆಯ ಮೇಲೆ ರೇಡಿಯೊ ಕೂತಿತು, ಗಿರಿಜಾ ಇಳಕಲ್ ಸೀರೆ ಉಟ್ಟು ಅದರ ಬಾಜು ಕೂತಳು, ಗೆಳತಿಯರು ಸುತ್ತ ಕೂತರು. ಆಮೇಲೆ ನೋಡಿದರೆ ಅಂಗಳಕ್ಕೆ ಒಬ್ಬೊಬ್ಬರೇ ಬರತೊಡಗಿದರು. ಫಕೀರಪ್ಪ ಬಂದು, "ತಂಗಿ, ನಮ್ಮ ಮಶೀನ್ ಬಂದ್ ಮಾಡೇನಿ" ಎಂದ. ಇನ್ನಿಬ್ಬರು ಹಾಗೇ ಹೇಳಿದರು. ಕೊನೆಗೆ ಮೌಲಾಸಾಬ ಕಾಕಾ ಬಂದ. ನನ್ನ ಕಡೆ ನೋಡದೆ, "ಬಂದ್ ಮಾಡೀನವಾ. ಮಂಗ್ಯಾ ತಿಂದ್ರ ತಿನ್ಲಿ ಬಿಡು, ನಿನ್ನ ಹಾಡಿಗಿಂತ ಹೆಚ್ಚೇನು ಗೊಂಜಾಳ" ಎಂದು ಕಟ್ಟೆಯ ತುದಿಗೆ ಕೂತ. ಏನಾದರೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಹನ್ನೆರಡೂವರೆ ಆಯಿತು. ಗುಂಡಿ ತಿರುಗಿಸಿದೆ.

"ಈಗ ಟಕ್ ಬಮ್ಮಿಗಟ್ಟಿಯ ಟಕ್ ಗಿರಿಜಾ ಟಕ್ ಮತ್ತು ಸಂಗಡಿಗರಿಂದ ಟಕ್."

ಸುತ್ತಿನ ಹೊಲಗಳ ಮಶಿನ್ನುಗಳೆಲ್ಲ ಬಂದ್. ಮತ್ತೆ ಇದು ಎಲ್ಲಿಯ ಟಕ್? ಜೇಬಿನಿಂದ ಕ್ಯಾಲ್ಕುಲೇಟರ್ ತೆಗೆಯಲು ನನ್ನ ಕೈ ತಾನಾಗಿ ಹೋಯಿತು. ಅಷ್ಟರಲ್ಲಿ ಗಿರಿಜಾ ನಿಧಾನವಾಗಿ ನನ್ನ ಕಡೆ ತಿರುಗಿದಳು.

"ನಮ್ಮ ಮಶೀನ್ ಬಂದ್ ಮಾಡೀರೇನ್ರಿ?"

ಊರಿನ ಅಷ್ಟೂ ಕಣ್ಣು ನನ್ನ ಮೇಲೆ ಬಿದ್ದವು. ಎದ್ದವನೇ ಓಡಿದೆ. ಹಿತ್ತಲು ಹಾರಿ, ಗೋವಿನಜೋಳದ ನಡುವೆ ಧೋತರ ಎತ್ತಿಕಟ್ಟಿ, ಎಲೆಗಳಿಂದ ಕಪಾಳಕ್ಕೆ ಹೊಡೆಸಿಕೊಳ್ಳುತ್ತಾ ನಮ್ಮ ಮಶಿನ್ ಇದ್ದ, ಹೊಲದ ನಡುವಿನ ಪಂಪ್ ಮನೆಗೆ ಓಡಿದೆ. ಓಡುತ್ತಿರುವಾಗಲೇ ತಲೆಯೊಳಗೆ ದೀಪ ಹತ್ತಿತು. ಜಾಳಿಗೆ ಕಿತ್ತ ಜರಡಿಗೆ ಎರಡು ಬಾಯಿ! ಕಳ್ಳ ಎದುರಿಗಾದರೂ ಇರಬಹುದು, ಬೆನ್ನ ಹಿಂದಾದರೂ ಇರಬಹುದು. ಬದುವಿನ ಮೇಲೆ ಅವತ್ತು ನಿಂತಾಗ ನನ್ನ ಬೆನ್ನ ಹಿಂದೆ ಇದ್ದದ್ದು ನನ್ನದೇ ಹೊಲ. ಕಾಕಾನದೂ ನನ್ನದೂ ಒಂದೇ ಕಂಪನಿಯ ಮಶಿನ್ನು, ನನ್ನದರ ಬಡಿತವೂ ಐವತ್ನಾಲ್ಕೇ. ಮಶಿನ್ನಿನ ಸ್ವಿಚ್ಚು ಆರಿಸಿದೆ. ಅಲ್ಲಿಂದ ಬೇಲಿಗೆ ತಂತಿ ಹೋಗುವ ಪಕ್ಕದ ಕಬ್ಬಿಣದ ಕಂಬಕ್ಕೆ ಕಟ್ಟಿದ್ದ ಚಪ್ಪಲಿಯ ತುಂಡು ಬಿಸಿಲಿಗೆ ಬಿರಿದು, ತಂತಿ ಕಂಬಕ್ಕೆ ತಾಗಿ, ಸುತ್ತ ಕರ್ರಗೆ ಸುಟ್ಟಿತ್ತು. ನನ್ನ ಎಡಗಾಲಿನ ಚಪ್ಪಲಿ. ಹೆಬ್ಬೆರಳಿನ ಗುರುತು ಕೂಡ ಇತ್ತು.

ಈಗ ಊರಿನ ರೇಡಿಯೊಗಳೆಲ್ಲ ಸ್ವಚ್ಛವಾಗಿರಬೇಕು. ಅಷ್ಟು ದೂರಕ್ಕೆ ನನಗೆ ಒಂದು ಸ್ವರವೂ ಕೇಳಿಸುತ್ತಿರಲಿಲ್ಲ. ವಾಪಸು ಓಡಲು ನೋಡಿದೆ, ಕಾಲು ಬರಲಿಲ್ಲ, ದಮ್ಮು ಹತ್ತಿತ್ತು. ಗೋವಿನಜೋಳ ಸರಿಸಿ ನೋಡಿದರೆ ದೂರದಲ್ಲಿ ನಮ್ಮ ಕಟ್ಟೆ ಚಿಕ್ಕದಾಗಿ ಕಾಣುತ್ತಿತ್ತು, ಯಾರೂ ಅಲುಗುತ್ತಿರಲಿಲ್ಲ. ನಡೆದೆ, ಕೂತೆ, ಮತ್ತೆ ನಡೆದೆ. ಹಿತ್ತಲಿಗೆ ಬರುವಷ್ಟರಲ್ಲಿ ಚಪ್ಪಾಳೆ ಕೇಳಿತು. ಅಂಗಳಕ್ಕೆ ಬಂದಾಗ ರೇಡಿಯೊ ಅತ್ಯಂತ ಸ್ಪಷ್ಟವಾದ ದನಿಯಲ್ಲಿ ಎಮ್ಮೆಗಳ ಕಾಲುಬೇನೆಗೆ ಔಷಧ ಹೇಳುತ್ತಿತ್ತು. ಕಾಕಾ ಟವೆಲ್ಲಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ. ಗಿರಿಜಾಳ ಫೋನಿನಲ್ಲಿ ಮೊರಬದ ಅತ್ತಿಗೆ ಅಳುತ್ತಾ ನಗುತ್ತಿದ್ದಳು. ನಾನು ನೇರ ಕಾಕಾನ ಹತ್ತಿರ ಹೋಗಿ, "ಕಾಕಾ, ತಪ್ಪಾತು" ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ತಲೆಯ ಮೇಲಿದ್ದ ಗೋವಿನಜೋಳದ ಎಲೆ ತೆಗೆದು, "ಏನ್ ಹಾಡ್ಯಾಳ್ರಿ ಮಾಸ್ತರ್ರ! ನೀವು ಕೇಳಬೇಕಿತ್ತು" ಎಂದ.

ಹೌದು, ಊರಲ್ಲಿ ಗಿರಿಜಾಳ ಹಾಡು ಕೇಳದೆ ಉಳಿದವನು ನಾನೊಬ್ಬನೇ. ಮೊರಬದ ಚಹಾದಂಗಡಿಯವನೂ ಕೇಳಿದ್ದಾನೆ. ಸಂಜೆ ಪಡಸಾಲೆಯಲ್ಲಿ ಬೆಪ್ಪನಂತೆ ಕೂತು ಜರಡಿಗೆ ಸುತ್ತಿದ್ದ ತಂತಿ ಬಿಚ್ಚುತ್ತಿದ್ದೆ. ಬೆನ್ನ ಹಿಂದೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು, ಅದರ ಜೊತೆಗೆ ಸಣ್ಣ ದನಿಯಲ್ಲಿ ಒಂದು ಪದ. ರೇಡಿಯೊದಲ್ಲಿ ಬಂದದ್ದೂ ಇದೇ ಪದವೇ ಇರಬೇಕು. ಇಪ್ಪತ್ತೆಂಟು ವರ್ಷದಿಂದ ದಿನವೂ ಇದೇ ಹೊತ್ತಿಗೆ ಇದೇ ದಿಕ್ಕಿನಿಂದ ಬರುತ್ತಿದ್ದದ್ದು, ನಾನು ಗಡಿಯಾರ ಬಿಚ್ಚುತ್ತಲೋ ಫ್ಯಾನು ಬಿಚ್ಚುತ್ತಲೋ ಇದ್ದೆ. ಎದ್ದು ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಅವಳು ಹಾಡು ನಿಲ್ಲಿಸಿದಳು.

"ನಿಲ್ಲಿಸಬ್ಯಾಡ, ಹಾಡು. ನನಗ ಪೂರಾ ಕೇಳಬೇಕಾಗೇತಿ" ಎಂದೆ. ಗಿರಿಜಾ ಕೈಯ ಹಿಟ್ಟು ಕೊಡವಿ, ನನ್ನ ಕೈಯಲ್ಲಿ ಇನ್ನೂ ನೇತಾಡುತ್ತಿದ್ದ ಜರಡಿಯ ಚೌಕಟ್ಟನ್ನು ನೋಡಿದಳು.

"ಹಾಡ್ತೇನಿ. ಮೊದಲ ಸಂತಿಗೆ ಹೋಗಿ ನಮ್ಮವ್ವನ ಸಾಣಗಿಗೆ ಜಾಳಗಿ ಹಾಕಿಸ್ಕೊಂಡು ಬರ್ರಿ. ನೀವ ಕೂತು ಹಾಕಬ್ಯಾಡ್ರಿ ಮತ್ತ."